ಅರವತ್ತು ವರ್ಷ ಬಾಕಿ ಉಳಿದಿದ್ದ ಪಾಠ

ನಾನು ಪುಣೆಗೆ ಬಂದು ಒಂಬತ್ತು ವರ್ಷವಾಯಿತು. ಹಿಂದೆ ಅಹಮದನಗರ ಎಂಬ ಹೆಸರಿದ್ದ ಊರಿನ ಕಡೆ ಹೋಗುವ, ನಾವೆಲ್ಲ ನಗರ್ ರೋಡ್ ಎಂದು ಕರೆಯುವ ರಸ್ತೆಯಲ್ಲೇ ನನ್ನ ಆಫೀಸಿನ ಬಸ್ಸು ಓಡಾಡುವುದು. ಯೆರವಡಾ ದಾಟಿದ ಮೇಲೆ ಮರಗಳ ನಡುವೆ ಇಟಾಲಿಯನ್ ಕಮಾನುಗಳ ದೊಡ್ಡ ಬಿಳಿ ಕಟ್ಟಡವೊಂದು ಕಾಣುತ್ತದೆ. ಅದೇ ಆಗಾ ಖಾನ್ ಅರಮನೆ. ಬೆಳಿಗ್ಗೆ ಹೋಗುವಾಗ ಮೀಟಿಂಗಿನ ಚಿಂತೆ, ಸಂಜೆ ಬರುವಾಗ ಅಡುಗೆಯ ಚಿಂತೆ. ಹೀಗಾಗಿ ಆ ಗೇಟಿನೊಳಗೆ ಕಾಲಿಡಲು ನನಗೆ ಏಳು ವರ್ಷ ಬೇಕಾಯಿತು. ಕೊನೆಗೂ ಹೋಗುವಂತೆ ಮಾಡಿದ್ದು ನಮ್ಮಮ್ಮ ಹೇಳಿದ ಒಂದು ಮಾತು.

ಅಪ್ಪ ತೀರಿಕೊಂಡ ಮೇಲೆ ಅರಸೀಕೆರೆಯ ಮನೆಗೆ ಬೀಗ ಹಾಕಿಸಿ ಅಮ್ಮನನ್ನು ಇಲ್ಲಿಗೆ ಕರೆದುಕೊಂಡು ಬಂದೆವು. ತೆಂಗಿನತೋಟ, ಅಕ್ಕಪಕ್ಕದ ಮನೆಯವರು, ಸಂಜೆಯ ದೇವಸ್ಥಾನ, ಎಲ್ಲ ಬಿಟ್ಟು ಹತ್ತನೇ ಮಹಡಿಯ ಫ್ಲ್ಯಾಟಿಗೆ ಬಂದರು. ಮರಾಠಿ ಬಾರದು, ಹಿಂದಿ ಅರ್ಧಂಬರ್ಧ, ಲಿಫ್ಟಿನಲ್ಲಿ ಒಬ್ಬರೇ ಇಳಿಯಲು ಭಯ. ಒಂದು ದಿನ ಸೊಪ್ಪು ಬಿಡಿಸುತ್ತಾ, ಸಿಟ್ಟೂ ಇಲ್ಲದೆ ಅಳುವೂ ಇಲ್ಲದೆ, ಜೀವಾವಧಿ ಶಿಕ್ಷೆಯವರಲ್ಲೂ ಕೆಲವರನ್ನು 14 ವರ್ಷವಾದ ಮೇಲೆ ಬಿಡುತ್ತಾರಂತಲ್ಲ, ನನ್ನನ್ನು ಯಾವಾಗ ಬಿಡುತ್ತೀರಿ ಎಂದು ಕೇಳಿಬಿಟ್ಟರು. ತಮಾಷೆಗೇ ಹೇಳಿದ್ದು. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮನೆಯನ್ನೂ ಸೆರೆಮನೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು, ಅದು ನನಗೂ ಗೊತ್ತು. ಆದರೂ ಬಿಡುಗಡೆಯ ದಿನ ಯಾವುದೆಂದೇ ಗೊತ್ತಿಲ್ಲದೆ ಒಂದೇ ಕಡೆ ಉಳಿಯಬೇಕಾದವರು ಬೆಳಿಗ್ಗೆ ಯಾವ ಧೈರ್ಯದಿಂದ ಏಳುತ್ತಾರೆ ಎಂಬ ಪ್ರಶ್ನೆ ತಲೆಯಲ್ಲಿ ಕೂತಿತು. ಅದಕ್ಕೆ ಉತ್ತರ ನಾನು ದಿನವೂ ದಾಟಿಹೋಗುತ್ತಿದ್ದ ಗೇಟಿನ ಒಳಗೇ ಇತ್ತು. ಅಲ್ಲಿ ಸೆರೆಯಲ್ಲಿದ್ದು ಅಲ್ಲೇ ಪ್ರಾಣಬಿಟ್ಟ ಒಬ್ಬ ಹೆಣ್ಣುಮಗಳ ಕಥೆಯನ್ನು ಈ ಸಲದ ಸಂಚಿಕೆಗೆ ಬರೆಯುತ್ತಿದ್ದೇನೆ. ಅವರು ಕಸ್ತೂರಬಾ ಗಾಂಧಿ, ದೇಶಕ್ಕೆಲ್ಲ ಬಾ.

ಬಾ ಹುಟ್ಟಿದ್ದು 1869ರ ಏಪ್ರಿಲ್ 11ರಂದು, ಗುಜರಾತಿನ ಪೋರಬಂದರಿನಲ್ಲಿ. ತಂದೆ ಗೋಕುಲದಾಸ್ ಕಪಾಡಿಯಾ ವ್ಯಾಪಾರಸ್ಥರು. ಅನುಕೂಲವಂತರ ಮನೆಯಾದರೂ ಆ ಕಾಲದ ರೂಢಿಯಂತೆ ಹೆಣ್ಣುಮಗುವಿಗೆ ಶಾಲೆ ಇರಲಿಲ್ಲ. 1883ರಲ್ಲಿ ಮದುವೆಯಾಯಿತು. ಗಂಡ ಮೋಹನದಾಸ ವಯಸ್ಸಿನಲ್ಲಿ ಅವರಿಗಿಂತ ಕೆಲವು ತಿಂಗಳು ಚಿಕ್ಕವರು. ಹೆಂಡತಿಗೆ ಓದುಬರಹ ಕಲಿಸಬೇಕೆಂಬ ಆಸೆ ಆ ಹುಡುಗನಿಗಿತ್ತು. ಆದರೆ ಕೂಡುಕುಟುಂಬದಲ್ಲಿ ಹಿರಿಯರ ಎದುರು ಗಂಡಹೆಂಡಿರು ಮಾತಾಡುವಂತಿರಲಿಲ್ಲ, ರಾತ್ರಿ ಸಿಕ್ಕ ಹೊತ್ತು ಪಾಠಕ್ಕೆ ಉಳಿಯಲಿಲ್ಲ. ಇದು ತನ್ನದೇ ತಪ್ಪು ಎಂದು ಗಾಂಧೀಜಿ ಮುಂದೆ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಸರಳವಾದ ಗುಜರಾತಿ ಓದುವುದು, ಕಷ್ಟಪಟ್ಟು ಒಂದು ಪತ್ರ ಬರೆಯುವುದು, ಅಷ್ಟಕ್ಕೇ ಬಾ ಅವರ ವಿದ್ಯೆ ನಿಂತುಹೋಯಿತು.

ಆಮೇಲಿನ ಬದುಕಿನಲ್ಲಿ ಕೂತು ಕಲಿಯಲು ಪುರುಸೊತ್ತೆಲ್ಲಿತ್ತು? ಮೊದಲ ಮಗು ಹುಟ್ಟಿದ ಕೆಲವೇ ದಿನಕ್ಕೆ ತೀರಿಕೊಂಡಿತು. ನಂತರ ಹರಿಲಾಲ್, ಮಣಿಲಾಲ್, ರಾಮದಾಸ್, ದೇವದಾಸ್ ಎಂಬ ನಾಲ್ಕು ಗಂಡುಮಕ್ಕಳು. ಗಂಡ ಬ್ಯಾರಿಸ್ಟರ್ ಓದಲು ಇಂಗ್ಲೆಂಡಿಗೆ ಹೋದಾಗ ಹಸುಗೂಸಿನ ಜೊತೆ ಅತ್ತೆಮನೆಯಲ್ಲಿ ಉಳಿದರು. ಆಮೇಲೆ ದಕ್ಷಿಣ ಆಫ್ರಿಕಾ. ಅಲ್ಲಿ ಮನೆ ಆಶ್ರಮವಾಯಿತು, ಒಡವೆಗಳು ಸಾರ್ವಜನಿಕ ನಿಧಿಗೆ ಹೋದವು. ಒಡವೆಯ ವಿಷಯದಲ್ಲಿ ಬಾ ಸುಮ್ಮನಿರಲಿಲ್ಲ, ಅತ್ತು ವಾದ ಮಾಡಿದರು. ಗಂಡ ಹೇಳಿದ್ದಕ್ಕೆಲ್ಲ ತಲೆಯಾಡಿಸಿದ ಹೆಂಗಸು ಎಂದು ಅವರನ್ನು ಚಿತ್ರಿಸುವವರು ಈ ಜಗಳಗಳನ್ನು ಮರೆಯುತ್ತಾರೆ.

ಬಾ ಮೊದಲ ಬಾರಿ ಜೈಲಿಗೆ ಹೋದದ್ದು ಅಲ್ಲಿಯೇ. 1913ರಲ್ಲಿ ಕೇಪ್ ಪ್ರಾಂತ್ಯದ ನ್ಯಾಯಾಲಯವೊಂದು ಕ್ರೈಸ್ತ ವಿಧಿಯಂತೆ ನಡೆಯದ, ನೋಂದಣಿಯಾಗದ ಮದುವೆಗಳಿಗೆ ಕಾನೂನಿನ ಮಾನ್ಯತೆ ಇಲ್ಲವೆಂಬ ಅರ್ಥದ ತೀರ್ಪು ಕೊಟ್ಟಿತು. ಒಂದೇ ಏಟಿಗೆ ಅಲ್ಲಿನ ಭಾರತೀಯ ಹೆಂಗಸರೆಲ್ಲ ಹೆಂಡತಿಯರೇ ಅಲ್ಲ ಎಂದಂತಾಯಿತು. ಫೀನಿಕ್ಸ್ ಆಶ್ರಮದಿಂದ ಹೊರಟ 16 ಜನ ಸತ್ಯಾಗ್ರಹಿಗಳ ತಂಡದಲ್ಲಿ ನಾಲ್ವರು ಹೆಂಗಸರು, ಅವರಲ್ಲಿ ಬಾ ಒಬ್ಬರು. ಅಪ್ಪಣೆಯಿಲ್ಲದೆ ಪ್ರಾಂತ್ಯದ ಗಡಿ ದಾಟಿದ್ದಕ್ಕೆ ಮೂರು ತಿಂಗಳ ಕಠಿಣ ಸಜೆಯಾಯಿತು. ಮಾರಿಟ್ಸ್‌ಬರ್ಗ್ ಜೈಲಿನ ಊಟ ಹೊಟ್ಟೆಗೆ ಒಗ್ಗದೆ, ಹೊರಬಂದಾಗ ಗುರುತು ಸಿಗದಷ್ಟು ಸೊರಗಿದ್ದರು. ಆಗ ಅವರಿಗೆ 44 ವರ್ಷ.

ಭಾರತಕ್ಕೆ ಮರಳಿದ ಮೇಲೂ ಅದೇ ದಾರಿ. ಚಂಪಾರಣ್‌ನ ಹಳ್ಳಿಗಳಲ್ಲಿ ಹೆಂಗಸರಿಗೆ ಶುಚಿತ್ವದ ಪಾಠ ಹೇಳಿದರು, ಆಶ್ರಮದ ಅಡುಗೆಮನೆ ನೋಡಿಕೊಂಡರು, 1930ರ ದಶಕದಲ್ಲಿ ಮತ್ತೆ ಮತ್ತೆ ಬಂಧನಕ್ಕೊಳಗಾದರು. 1939ರಲ್ಲಿ ರಾಜಕೋಟೆಯ ಹೋರಾಟ ನಡೆದಾಗ, ಅದು ತನ್ನ ತವರುಸೀಮೆ, ಅಲ್ಲಿನ ಹೆಣ್ಣುಮಕ್ಕಳು ಜೈಲಿಗೆ ಹೋಗುತ್ತಿರುವಾಗ ತಾನು ಹೊರಗಿರುವುದು ಸರಿಯಲ್ಲ ಎಂದು ಹೊರಟುನಿಂತರು. ಆಗಲೇ ಎಪ್ಪತ್ತರ ಹತ್ತಿರದ ವಯಸ್ಸು. ಅಲ್ಲಿಯೂ ಅವರನ್ನು ಹಿಡಿದು ತ್ರಂಬಾ ಎಂಬ ಊರಿನಲ್ಲಿ ಇಟ್ಟರು.

ಆದರೆ ಆವರೆಗಿನ ಸೆರೆವಾಸಗಳಿಗೂ ಪುಣೆಯ ಸೆರೆವಾಸಕ್ಕೂ ದೊಡ್ಡ ವ್ಯತ್ಯಾಸವಿತ್ತು. 1942ರ ಆಗಸ್ಟ್ 9ರ ಬೆಳಗಿನ ಜಾವ ಮುಂಬೈಯಲ್ಲಿ ಗಾಂಧೀಜಿಯನ್ನು ಬಂಧಿಸಿದರು. ಬಾ ಬೇಕಾದರೆ ಗಂಡನ ಜೊತೆಗೇ ಹೋಗಬಹುದಿತ್ತು, ಹೋಗಲಿಲ್ಲ. ಸಂಜೆ ಶಿವಾಜಿ ಪಾರ್ಕಿನಲ್ಲಿ ಗಾಂಧೀಜಿ ಮಾತಾಡಬೇಕಿದ್ದ ಸಭೆಗೆ ತಾನೇ ಹೋಗುವುದೆಂದು ನಿರ್ಧರಿಸಿ ಉಳಿದುಕೊಂಡರು. ಸಭೆಗೆ ಹೊರಡುವ ಹೊತ್ತಿಗೆ ಪೊಲೀಸರು ಬಂದರು. ವೈದ್ಯೆ ಸುಶೀಲಾ ನಯ್ಯರ್ ಜೊತೆ ಎರಡು ರಾತ್ರಿ ಆರ್ಥರ್ ರೋಡ್ ಜೈಲಿನಲ್ಲಿದ್ದು, ಆಗಸ್ಟ್ 11ಕ್ಕೆ ಪುಣೆಗೆ ಬಂದರು. ಗಾಂಧೀಜಿ, ಮಹಾದೇವ ದೇಸಾಯಿ, ಸರೋಜಿನಿ ನಾಯ್ಡು, ಮೀರಾಬೆಹೆನ್ ಆಗಲೇ ಅಲ್ಲಿದ್ದರು.

ಅರಮನೆ ಎಂದರೆ ಸುಖದ ಸೆರೆಯೆಂದು ಅಂದುಕೊಳ್ಳಬೇಡಿ. 1892ರಲ್ಲಿ ಮೂರನೇ ಆಗಾ ಖಾನ್ ಕಟ್ಟಿಸಿದ ಕಟ್ಟಡವದು, ಕಟ್ಟಿಸಿದ್ದು ಬರಗಾಲದಲ್ಲಿ ಜನರಿಗೆ ಕೂಲಿ ಸಿಗಲೆಂದು ಎನ್ನುತ್ತಾರೆ. ಕೋಣೆಗಳೇನೋ ದೊಡ್ಡವು. ಆದರೆ ಸುತ್ತ ಮುಳ್ಳುತಂತಿಯ ಬೇಲಿ, ಕಾವಲಿಗೆ ಸಿಪಾಯಿಗಳು. ಮೊದಮೊದಲು ಪತ್ರಿಕೆಯನ್ನೂ ಕೊಡುತ್ತಿರಲಿಲ್ಲ, ಪತ್ರಗಳಿಗೆ ನೂರೆಂಟು ನಿರ್ಬಂಧ. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿ ವಿಚಾರಣೆಯೇ ಇರಲಿಲ್ಲ. ನ್ಯಾಯಾಧೀಶರಿಲ್ಲ, ತೀರ್ಪಿಲ್ಲ, ಇಷ್ಟು ವರ್ಷ ಎಂಬ ಲೆಕ್ಕವೂ ಇಲ್ಲ. ಸಜೆಯಾದವರು ಗೋಡೆಯ ಮೇಲೆ ಗೀಟು ಎಳೆದು ದಿನ ಎಣಿಸಬಹುದು. ಇವರಿಗೆ ಎಣಿಸಲು ಏನೂ ಇರಲಿಲ್ಲ. ಯಾರೂ ಬಾ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಲಿಲ್ಲ, ಆದರೆ ನಡೆದದ್ದು ಮಾತ್ರ ಅದೇ.

ಒಳಗೆ ಬಂದ ನಾಲ್ಕೇ ದಿನಕ್ಕೆ ಸಿಡಿಲು ಬಡಿಯಿತು. ಆಗಸ್ಟ್ 15ರಂದು ಮಹಾದೇವ ದೇಸಾಯಿ ಹೃದಯಾಘಾತದಿಂದ ತೀರಿಕೊಂಡರು. ಇಪ್ಪತ್ತೈದು ವರ್ಷ ಗಾಂಧೀಜಿಯ ನೆರಳಂತೆ ಇದ್ದವರು, ಬಾ ಅವರಿಗೆ ಮಗನೇ ಸರಿ. ವಯಸ್ಸು ಬರೀ 50. ಅರಮನೆಯ ಅಂಗಳದಲ್ಲೇ ಸಂಸ್ಕಾರ ನಡೆಯಿತು. ಮುದುಕಿಯಾದ ತನ್ನನ್ನು ಬಿಟ್ಟು ಅವನನ್ನೇಕೆ ಕರೆದುಕೊಂಡನೋ ದೇವರು ಎಂದು ಬಾ ಹಲುಬುತ್ತಿದ್ದರು. ಮೊದಲೇ ಉಬ್ಬಸ, ದುರ್ಬಲ ಹೃದಯ. ಈಗ ಮನಸ್ಸೂ ಕುಸಿಯಿತು. ಯಾವಾಗ ಬಿಡುತ್ತಾರೆ ಎಂದು ಕೇಳುತ್ತಿದ್ದರು, ಆಶ್ರಮವನ್ನು ನೆನೆಯುತ್ತಿದ್ದರು.

ಇಂಥ ಹೊತ್ತಿನಲ್ಲೇ ಆ ಪಾಠ ಮತ್ತೆ ಶುರುವಾದದ್ದು. ಗಾಂಧೀಜಿ ದಿನವೂ ಬಿಡುವು ಮಾಡಿಕೊಂಡು ಬಾ ಅವರಿಗೆ ಗುಜರಾತಿ, ಭೂಗೋಳ, ಗೀತೆಯ ಶ್ಲೋಕಗಳನ್ನು ಹೇಳಿಕೊಡತೊಡಗಿದರು. ವಿದ್ಯಾರ್ಥಿನಿಗೆ 73 ವರ್ಷ, ಗುರುವಿಗೂ ಹೆಚ್ಚುಕಡಿಮೆ ಅಷ್ಟೇ. ಮದುವೆಯಾದ ಹೊಸತರಲ್ಲಿ ಕೈಬಿಟ್ಟುಹೋದ ಪಾಠ ಅರವತ್ತು ವರ್ಷವಾದ ಮೇಲೆ ಸೆರೆಮನೆಯಲ್ಲಿ ಮುಂದುವರಿಯಿತು. ಪ್ರಾಂತ್ಯಗಳ ರಾಜಧಾನಿಗಳು ನೆನಪಿನಲ್ಲಿ ಉಳಿಯುತ್ತಿರಲಿಲ್ಲ, ಇಂದು ಕಲಿತದ್ದು ನಾಳೆಗೆ ಅದಲುಬದಲಾಗುತ್ತಿತ್ತು. ಆದರೂ ಮರುದಿನ ಮತ್ತೆ ಕೂರುತ್ತಿದ್ದರು. ಈ ಭೂಗೋಳದಿಂದ ಅವರಿಗೆ ಯಾವ ಪ್ರಯೋಜನವಿತ್ತು? ಪರೀಕ್ಷೆಯಿಲ್ಲ, ನೌಕರಿಯಿಲ್ಲ, ಆ ಊರುಗಳನ್ನು ನೋಡುವ ಅವಕಾಶವಂತೂ ಇಲ್ಲವೇ ಇಲ್ಲ. ನನಗೆ ಕಾಣುವುದು ಇಷ್ಟೇ: ಬಿಡುಗಡೆಯ ದಿನ ಗೊತ್ತಿಲ್ಲದವರಿಗೆ ನಾಳೆ ಬೆಳಿಗ್ಗೆಯ ಪಾಠ ಗೊತ್ತಿದ್ದರೆ, ನಾಳೆಗೆ ಒಂದು ಹೆಸರು ಸಿಕ್ಕಂತೆ.

ಪಾಠದ ಜೊತೆ ಕೇರಂ ಆಟವೂ ಇತ್ತು. ಬಾ ಅವರಿಗೆ ಆ ಆಟದ ಹುಚ್ಚು ಹಿಡಿಯಿತು. ಗೆದ್ದರೆ ಮಗುವಿನಂತೆ ಖುಷಿ, ಸೋತರೆ ಮುಖ ಚಿಕ್ಕದು. ಮಹಾದೇವ ದೇಸಾಯಿಯವರ ಸಮಾಧಿಗೆ ನಮಸ್ಕರಿಸುವುದು, ತುಳಸಿಗೆ ಕೈಮುಗಿಯುವುದು, ಭಜನೆ, ಹೀಗೆ ದಿನಕ್ಕೊಂದು ಚೌಕಟ್ಟು ಬಂತು. 1943ರ ಫೆಬ್ರವರಿ 10ರಂದು ಗಾಂಧೀಜಿ 21 ದಿನಗಳ ಉಪವಾಸ ಆರಂಭಿಸಿದಾಗ ತಾವೂ ಅನ್ನ ಬಿಟ್ಟು ಹಾಲು ಹಣ್ಣಿನಲ್ಲೇ ಇದ್ದು ಅವರ ಆರೈಕೆಗೆ ನಿಂತರು. ಆ ಮಾರ್ಚಿನಲ್ಲಿ, ನಾಗಪುರದ ಜೈಲಿನಲ್ಲಿದ್ದ ಮನು ಎಂಬ ಹದಿಹರೆಯದ ಹುಡುಗಿಯನ್ನು ಬಾ ಅವರ ಸೇವೆಗೆಂದು ಕರೆತಂದರು. ಸಂಬಂಧದಲ್ಲಿ ಮೊಮ್ಮಗಳ ವರಸೆ, ತಾಯಿಯಿಲ್ಲದ ಮಗು. ಅವಳಿಗೂ ಅಲ್ಲೇ ಪಾಠ. ಅಜ್ಜಿಯೂ ಮೊಮ್ಮಗಳೂ ಒಂದೇ ಸೆರೆಯಲ್ಲಿ ವಿದ್ಯಾರ್ಥಿನಿಯರು!

ಆದರೆ ಎಲ್ಲವೂ ಸೊಗಸಾಗಿತ್ತೆಂದು ಬರೆದರೆ ಬಾ ಅವರಿಗೆ ಅನ್ಯಾಯ ಮಾಡಿದಂತೆ. ಜೊತೆಗಿದ್ದ ಸುಶೀಲಾ ನಯ್ಯರ್ ದಾಖಲಿಸಿರುವ ಒಂದು ಸಣ್ಣ ಪ್ರಸಂಗ ನನ್ನನ್ನು ಬಹಳ ಕಾಡಿತು. ಬರೆದು ಅಭ್ಯಾಸ ಮಾಡಲು ಬಾ ಒಂದು ನೋಟ್‌ಬುಕ್ ಕೇಳಿದರು. ಕಾಗದವನ್ನೂ ಲೆಕ್ಕವಿಟ್ಟು ಖರ್ಚುಮಾಡುವ ಗಾಂಧೀಜಿ, ಸದ್ಯಕ್ಕೆ ಬಿಡಿ ಹಾಳೆಗಳಲ್ಲಿ ಬರೆ, ಅಕ್ಷರ ಸುಧಾರಿಸಿದ ಮೇಲೆ ನೋಟ್‌ಬುಕ್ ಎಂದರು. ಬಾ ಅವರಿಗೆ ನೋವಾಯಿತು. ಆಮೇಲೆ ನೋಟ್‌ಬುಕ್ ಬಂದರೂ ಅದನ್ನು ತಮ್ಮದೆಂದು ಇಟ್ಟುಕೊಳ್ಳಲಿಲ್ಲ, ಗಾಂಧೀಜಿಯ ಪುಸ್ತಕಗಳ ಜೊತೆ ಇಟ್ಟುಬಿಟ್ಟರು. ಬಾಳಿನುದ್ದಕ್ಕೂ ಏನನ್ನೂ ತನ್ನದೆಂದು ಕೇಳದೆ ಇದ್ದ ಹೆಂಗಸು ಕೇಳಿದ್ದು ಒಂದು ನೋಟ್‌ಬುಕ್. ಅದಕ್ಕೂ ಮೊದಲು ಅರ್ಹತೆ ತೋರಿಸಬೇಕಾಯಿತು. ಗಾಂಧೀಜಿಯಂಥವರಿಗೂ ಅದು ಹೊಳೆಯಲಿಲ್ಲವಲ್ಲ ಎಂದು ನನಗೆ ಬೇಸರವಾಯಿತು. ಬೇಸರದ ಹಿಂದೆಯೇ ನಾಚಿಕೆಯೂ ಬಂತು, ಅದನ್ನು ಕೊನೆಗೆ ಹೇಳುತ್ತೇನೆ.

1944ರ ಜನವರಿಯ ಹೊತ್ತಿಗೆ ಹೃದಯ ಇನ್ನಷ್ಟು ಸೋತಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಜೊತೆ ಬಂದಿಯಾಗಿದ್ದ ಡಾಕ್ಟರ್ ಗಿಲ್ಡರ್, ಸುಶೀಲಾ ಇಬ್ಬರೂ ಕೈಲಾದದ್ದು ಮಾಡಿದರು. ಬಾ ಅವರಿಗೆ ಆಯುರ್ವೇದದಲ್ಲಿ ನಂಬಿಕೆ. ವೈದ್ಯರನ್ನು ಕರೆಸಲು ಗಾಂಧೀಜಿ ಸರ್ಕಾರಕ್ಕೆ ಪತ್ರದ ಮೇಲೆ ಪತ್ರ ಬರೆಯಬೇಕಾಯಿತು. ಒಪ್ಪಿಗೆ ತಡವಾಗಿ ಸಿಕ್ಕಿತು. ಲಾಹೋರಿನ ವೈದ್ಯ ಶಿವಶರ್ಮ ಬಂದರು, ಆದರೆ ರಾತ್ರಿ ಒಳಗಿರಲು ಅನುಮತಿ ಇಲ್ಲದೆ ಗೇಟಿನ ಹೊರಗೆ ಕಾರಿನಲ್ಲೇ ಮಲಗುತ್ತಿದ್ದರು, ಕರೆ ಬಂದರೆ ಓಡಿಬರಲು. ಕುಡಿತಕ್ಕೆ ಬಿದ್ದು ಮನೆಯಿಂದ ದೂರವಾಗಿದ್ದ ಹಿರಿಯ ಮಗ ಹರಿಲಾಲ್ ಕೊನೆಯ ದಿನಗಳಲ್ಲಿ ಬಂದದ್ದೂ ಕುಡಿದ ಸ್ಥಿತಿಯಲ್ಲೇ. ಅದನ್ನು ಕಂಡು ಆ ತಾಯಿ ಹಣೆ ಚಚ್ಚಿಕೊಂಡು ಅತ್ತರು. ದೇವದಾಸ್ ಆಗಿನ್ನೂ ಹೊಸತಾಗಿದ್ದ ಪೆನ್ಸಿಲಿನ್ ಔಷಧವನ್ನು ವಿಮಾನದಲ್ಲಿ ತರಿಸಿದರು. ಸಾಯುವ ಹೊತ್ತಿನಲ್ಲಿ ಮತ್ತೆ ಮತ್ತೆ ಸೂಜಿ ಚುಚ್ಚುವುದು ಬೇಡವೆಂದು ಗಾಂಧೀಜಿ ತಡೆದರು.

1944ರ ಫೆಬ್ರವರಿ 22, ಮಹಾಶಿವರಾತ್ರಿಯ ಸಂಜೆ, ಗಾಂಧೀಜಿಯ ತೊಡೆಯ ಮೇಲೆ ಬಾ ಕಣ್ಣುಮುಚ್ಚಿದರು. ವಯಸ್ಸು 74. ಗಾಂಧೀಜಿ ನೂತ ನೂಲಿನಿಂದ ನೇಯ್ದ ಸೀರೆಯನ್ನು ಉಡಿಸಿ, ಮರುದಿನ ಮಹಾದೇವ ದೇಸಾಯಿಯವರ ಪಕ್ಕದಲ್ಲೇ ಸಂಸ್ಕಾರ ಮಾಡಿದರು. ದೇವದಾಸ್ ಅಗ್ನಿ ಕೊಟ್ಟರು. ಬೂದಿಯಲ್ಲಿ ಐದು ಗಾಜಿನ ಬಳೆಗಳು ಒಡೆಯದೆ ಸಿಕ್ಕವೆಂದು ಜೊತೆಗಿದ್ದವರು ಬರೆದಿದ್ದಾರೆ. ಎರಡೂವರೆ ತಿಂಗಳ ನಂತರ, ಮೇ 6ರಂದು, ಗಾಂಧೀಜಿಯನ್ನು ಬಿಡುಗಡೆ ಮಾಡಿದರು. ಬಾ ಅಲ್ಲೇ ಉಳಿದರು, ಇಂದಿಗೂ ಇದ್ದಾರೆ.

ಹಾಗಾದರೆ ಆ ಪಾಠಗಳೆಲ್ಲ ಸಾವಿನೊಂದಿಗೆ ಮುಗಿದವೇ? ಅವರ ನೆನಪಿಗೆಂದು ದೇಶದಾದ್ಯಂತ ನಿಧಿ ಕೂಡಿಸಿದರು. 1944ರ ಅಕ್ಟೋಬರ್ 2ರೊಳಗೆ 75 ಲಕ್ಷ ಸೇರಿಸುವ ಗುರಿ ಇತ್ತು, ಒಂದು ಕೋಟಿ ರೂಪಾಯಿಗೂ ಹೆಚ್ಚು ಸೇರಿತು. ಆ ಹಣದಿಂದ ಹುಟ್ಟಿದ ಕಸ್ತೂರಬಾ ಗಾಂಧಿ ರಾಷ್ಟ್ರೀಯ ಸ್ಮಾರಕ ಟ್ರಸ್ಟ್ ಹಳ್ಳಿಯ ಹೆಂಗಸರು ಮತ್ತು ಮಕ್ಕಳಿಗಾಗಿಯೇ ಕೆಲಸ ಮಾಡಿತು. ಶಾಲೆಯ ಮುಖ ನೋಡದ ಬಾ ಹೆಸರಿನಲ್ಲಿ ಸಾವಿರಾರು ಹಳ್ಳಿ ಹೆಣ್ಣುಮಕ್ಕಳು ಓದುಬರಹ, ಸೂಲಗಿತ್ತಿ ಕೆಲಸ, ಶಿಶುಪಾಲನೆ ಕಲಿತರು.

ಇಲ್ಲೊಂದು ಕನ್ನಡದ ಎಳೆಯೂ ಇದೆ. 1946ರಲ್ಲಿ ಕರ್ನಾಟಕದಲ್ಲಿ ಈ ಟ್ರಸ್ಟಿನ ಹೊಣೆಯನ್ನು ಗಾಂಧೀಜಿ ವಹಿಸಿದ್ದು ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರಿಗೆ. ಮಂಗಳೂರಿನಲ್ಲಿ ಹುಟ್ಟಿದ ಉಮಾಬಾಯಿ ಚಿಕ್ಕ ವಯಸ್ಸಿಗೇ ವಿಧವೆಯಾದವರು. ಮಾವ ಆನಂದರಾಯರ ಬೆಂಬಲದಿಂದ ಓದಿ, ಹುಬ್ಬಳ್ಳಿಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದರು. 1932ರಲ್ಲಿ ನಾಲ್ಕು ತಿಂಗಳು ನಮ್ಮ ಇದೇ ಯೆರವಡಾ ಜೈಲಿನಲ್ಲಿದ್ದರು. ಒಳಗಿದ್ದಾಗಲೇ ಮಾವ ತೀರಿಕೊಂಡ ಸುದ್ದಿ ಬಂತು, ಹೊರಬಂದರೆ ಶಾಲೆಗೆ ಬೀಗ, ಛಾಪಖಾನೆ ಜಪ್ತಿ. ಎಲ್ಲ ಕಳೆದುಕೊಂಡವರು ತಮ್ಮ ಪುಟ್ಟ ಮನೆಯಲ್ಲೇ, ಜೈಲಿನಿಂದ ಬಿಡುಗಡೆಯಾಗಿ ಹೋಗಲು ಜಾಗವಿಲ್ಲದ ಹೆಂಗಸರಿಗೆ ಆಸರೆ ಕೊಟ್ಟರು. ಬಾ ಹೆಸರಿನ ಕೆಲಸಕ್ಕೆ ಇವರಿಗಿಂತ ತಕ್ಕವರು ಯಾರಿದ್ದರು?

ಕರ್ನಾಟಕದಲ್ಲಿ ಆ ಟ್ರಸ್ಟಿನ ಕೇಂದ್ರ ಎಲ್ಲಿದೆ ಗೊತ್ತೇ? ನಮ್ಮೂರು ಅರಸೀಕೆರೆಯ ಹತ್ತಿರ, ಕಸ್ತೂರಬಾ ಗ್ರಾಮದಲ್ಲಿ! ನಾನು ಇದನ್ನು ದೊಡ್ಡ ಶೋಧವೆಂಬಂತೆ ಅಮ್ಮನಿಗೆ ಹೇಳಿದೆ. ಅಮ್ಮ ನಕ್ಕರು. ಅದು ಅವರಿಗೆ ಚಿಕ್ಕಂದಿನಿಂದ ಗೊತ್ತಿದ್ದ ಜಾಗ. ಆ ಹೆಸರಿನ ಹೆಂಗಸು ಪ್ರಾಣಬಿಟ್ಟದ್ದು ಮಾತ್ರ ನಮ್ಮ ಫ್ಲ್ಯಾಟಿನಿಂದ ಅರ್ಧ ಗಂಟೆ ದೂರದಲ್ಲಿ ಎಂದು ಗೊತ್ತಿರಲಿಲ್ಲ. ಮುಂದಿನ ಭಾನುವಾರ ಇಬ್ಬರೂ ಹೋದೆವು. ಈಗ ಅದು ರಾಷ್ಟ್ರೀಯ ಸ್ಮಾರಕ. ಬಾ ಇದ್ದ ಕೋಣೆಗಳನ್ನು ನೋಡಿ, ಹಿಂಭಾಗದ ಸಮಾಧಿಗಳ ಬಳಿ ಹೋದೆವು. ಅಮ್ಮ ಚಪ್ಪಲಿ ಬಿಟ್ಟು, ತಾಳಿಯಿಲ್ಲದ ಕೊರಳನ್ನು ಸೆರಗಿನಿಂದ ಮುಚ್ಚಿಕೊಂಡು ಬಹಳ ಹೊತ್ತು ನಿಂತರು. ವಾಪಸ್ ಬರುವಾಗ ಆಟೋದಲ್ಲಿ ಅವರಿಗೆ ಆ ನೋಟ್‌ಬುಕ್ಕಿನ ಕಥೆ ಹೇಳಿದೆ. ಅಮ್ಮ ಏನೂ ಹೇಳದೆ ರಸ್ತೆಯ ಕಡೆ ನೋಡಿದರು.

ಆ ಮೌನದ ಅರ್ಥ ನನಗೆ ಗೊತ್ತಿತ್ತು. ಆರು ತಿಂಗಳ ಹಿಂದೆ ಅಮ್ಮ ತಮಗೊಂದು ದೊಡ್ಡ ಪರದೆಯ ಮೊಬೈಲ್ ಬೇಕೆಂದಿದ್ದರು, ತಂಗಿಯ ಜೊತೆ ವಿಡಿಯೋ ಕಾಲ್ ಮಾಡಲು. ನಾನು ಮೂಲೆ ಒಡೆದ ನನ್ನ ಹಳೆಯ ಫೋನು ಕೊಟ್ಟು, ಮೊದಲು ಇದರಲ್ಲಿ ಕಲಿ, ಆಮೇಲೆ ಹೊಸದು ಎಂದಿದ್ದೆ. ಅಮ್ಮ ಅದನ್ನು ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟವರು ಮತ್ತೆ ಮುಟ್ಟಲಿಲ್ಲ. ಎಂ.ಟೆಕ್. ಓದಿದ ಮಗಳು ತಾಯಿಗೆ ಕೊಟ್ಟದ್ದು ಬಿಡಿ ಹಾಳೆ.

ಹೊಸ ಫೋನು ತಂದುಕೊಟ್ಟೆ. ಒಂದು ವಾರ ಡಬ್ಬಿ ಹಾಗೇ ಇತ್ತು. ಅದನ್ನು ಬಿಚ್ಚಿಸಿದ್ದು ನಾನಲ್ಲ, ನನ್ನ ಎಂಟು ವರ್ಷದ ಮಗಳು. ಈಗ ಅವರಿಬ್ಬರ ನಡುವೆ ಒಂದು ಒಪ್ಪಂದವಾಗಿದೆ. ಮೊಮ್ಮಗಳು ಅಜ್ಜಿಗೆ ದಿನಕ್ಕೆ ಎರಡು ಮರಾಠಿ ಮಾತು ಹೇಳಿಕೊಡಬೇಕು, ಅಜ್ಜಿ ಅವಳಿಗೆ ಕನ್ನಡ ಕಾಗುಣಿತ ಬರೆಸಬೇಕು. ಮನೆಯಲ್ಲಿ ಕನ್ನಡ ಮಾತಾಡಿದರೂ ಅವಳಿಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ, ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ಇದೇ ಸ್ಥಿತಿ. ಕೆಳಗಿನ ಮಹಡಿಯ ಕನ್ನಡದ ಹುಡುಗನೂ ಈಗ ಸಂಜೆ ಬಂದು ಕೂರುತ್ತಾನೆ. ಅಮ್ಮನಿಗೆ ಅರಸೀಕೆರೆಯ ನೆನಪು ಹೋಗಿಲ್ಲ, ಹೋಗುವುದೂ ಇಲ್ಲ. ಬೇಸಿಗೆಗೆ ಹೋಗಿ ಎರಡು ತಿಂಗಳು ಇದ್ದು ಬರುತ್ತಾರೆ. ಆದರೆ ಬಿಡುಗಡೆಯ ಮಾತು ಈಚೆಗೆ ಅವರ ಬಾಯಲ್ಲಿ ಬಂದಿಲ್ಲ.

ಗೆಳತಿಯರೇ, ನಿಮ್ಮ ಮನೆಯಲ್ಲೂ ಊರು ಬಿಟ್ಟು ಬಂದ ಅಮ್ಮ, ಅತ್ತೆ ಇರಬಹುದು. ಒಂದು ಭಾನುವಾರ ಅವರನ್ನು ಕರೆದುಕೊಂಡು ಆಗಾ ಖಾನ್ ಅರಮನೆಗೆ ಹೋಗಿಬನ್ನಿ. ಮೊನ್ನೆ ಆಫೀಸಿಗೆ ಹೊರಡುವಾಗ ಅಮ್ಮ ಬಾಗಿಲಿಗೆ ಬಂದು, ಸಂಜೆ ಬರುವಾಗ ಎರಡು ನೋಟ್‌ಬುಕ್ ತರಲು ಹೇಳಿದರು. ಒಂದು ಮಗುವಿನ ಕಾಗುಣಿತಕ್ಕೆ, ಇನ್ನೊಂದು ತಮ್ಮ ಮರಾಠಿಗೆ. ಏನೂ ಕೇಳದೆ ತಂದುಕೊಟ್ಟೆ.